ಹಾರ್ಲೆ ಬ್ಯುಯೆಲ್ ಅನ್ನು ಮುಚ್ಚಿದ್ದು ಸರಿಯೇ? ಹಳೆ ಫೈರ್‌ಬೋಲ್ಟ್ ಈಗ ತಗೊಳ್ಳಬಹುದಾ?

ಬಯಲುಸೀಮೆ_ಬೈಕರ್

ಎಲ್ಲರಿಗೂ ನಮಸ್ಕಾರ. ಎರಡು ವಿಷಯ ಒಟ್ಟಿಗೆ ಕೇಳುತ್ತಿದ್ದೇನೆ. ಒಂದಕ್ಕೊಂದು ಸಂಬಂಧ ಇದೆ.

ಕೆಲಸದ ಸಲುವಾಗಿ ನಾನೀಗ ಅಮೆರಿಕದ ಮಿಲ್ವಾಕಿಯಲ್ಲಿದ್ದೇನೆ. ಹಾರ್ಲೆ-ಡೇವಿಡ್ಸನ್ ಕಂಪನಿಯ ತವರೂರು. ಇಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ ಈಸ್ಟ್ ಟ್ರಾಯ್ ಎಂಬ ಸಣ್ಣ ಊರಿದೆ. ಬ್ಯುಯೆಲ್ ಬೈಕುಗಳು ತಯಾರಾಗುತ್ತಿದ್ದುದು ಅಲ್ಲೇ. ಹಾಗಾಗಿ ಈ ಕಡೆ ಹಳೆ ಬ್ಯುಯೆಲ್‌ಗಳು ಆಗಾಗ ಮಾರಾಟಕ್ಕೆ ಸಿಗುತ್ತವೆ. ಈಗ ಒಂದು 2008ರ ಎಕ್ಸ್‌ಬಿ12ಆರ್ ಫೈರ್‌ಬೋಲ್ಟ್ ನನ್ನ ಕಣ್ಣಿಗೆ ಬಿದ್ದಿದೆ. ಒಬ್ಬರೇ ಓಡಿಸಿದ ಗಾಡಿ. ಬೆಲೆಯೂ ಕೈಗೆಟುಕುವಂತಿದೆ. ಆದರೆ ಕೇಳಿದವರೆಲ್ಲ "ಮುಚ್ಚಿಹೋದ ಕಂಪನಿಯ ಗಾಡಿ ಯಾಕಪ್ಪಾ" ಅನ್ನುತ್ತಾರೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಎರಿಕ್ ಬ್ಯುಯೆಲ್ ಹಾರ್ಲೆಯಲ್ಲಿ ಎಂಜಿನಿಯರ್ ಆಗಿದ್ದವರು. ರೇಸಿಂಗ್ ಹುಚ್ಚು ಇತ್ತು. 1983ರಲ್ಲಿ ಸ್ವಂತ ಕಂಪನಿ ಶುರು ಮಾಡಿದರು. 1993ರಲ್ಲಿ ಹಾರ್ಲೆ ಅದರಲ್ಲಿ 49% ಪಾಲು ತಗೊಂಡಿತು. 1998ರ ಹೊತ್ತಿಗೆ ಬಹುಪಾಲು ತನ್ನದಾಗಿಸಿಕೊಂಡಿತು. 2009ರ ಅಕ್ಟೋಬರ್ 15ರಂದು "ಇನ್ನು ಬ್ಯುಯೆಲ್ ತಯಾರಿಸುವುದಿಲ್ಲ" ಎಂದು ಹಾರ್ಲೆ ಪ್ರಕಟಿಸಿತು. ಅದೇ ತಿಂಗಳು 30ರಂದು ಕೊನೆಯ ಗಾಡಿ ಹೊರಬಂತು. ಅದರ ಸಂಖ್ಯೆ 1,36,923. ಸುಮಾರು 180 ಜನ ಕೆಲಸ ಕಳೆದುಕೊಂಡರು. ಎರಿಕ್ ಬ್ಯುಯೆಲ್ ಅವರೇ ವಿಡಿಯೋದಲ್ಲಿ ಬಂದು ಈ ಸುದ್ದಿ ಹೇಳಿದರು. ಮಾತು ತಡೆತಡೆದು ಬರುತ್ತಿತ್ತು. ಈಗ ನೋಡಿದರೂ ಸಂಕಟವಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೋತದ್ದು ಬೈಕ್ ಅಲ್ಲ. ಆ ಬೈಕಿಗೆ ತನ್ನದೇ ಅಂಗಡಿ ಇರಲಿಲ್ಲ, ತನ್ನದೇ ಎಂಜಿನ್ ಇರಲಿಲ್ಲ. ಎಂಜಿನ್ ಸಿಗುವ ಹೊತ್ತಿಗೆ ಕಾಲ ಮಿಂಚಿತ್ತು. ನೀವೇನು ಹೇಳುತ್ತೀರಿ?

ಟಾರ್ಕ್_ತಮ್ಮ

ಅಣ್ಣ, ಯೋಚನೆ ಮಾಡಬೇಡಿ, ತಗೊಳ್ಳಿ. ಇಲ್ಲಿ ದುಡ್ಡು ಕೊಡ್ತೀನಿ ಅಂದರೂ ಸಿಗಲ್ಲ. ಬ್ಯುಯೆಲ್ ನಮ್ಮ ದೇಶಕ್ಕೆ ಅಧಿಕೃತವಾಗಿ ಬರಲೇ ಇಲ್ಲ. ಹಾರ್ಲೆ ಭಾರತಕ್ಕೆ ಬರ್ತೀವಿ ಅಂತ ಹೇಳಿದ್ದು 2009ರ ಆಗಸ್ಟ್‌ನಲ್ಲಿ. ಎರಡೇ ತಿಂಗಳಿಗೆ ಬ್ಯುಯೆಲ್ ಕಥೆ ಮುಗಿಯಿತು.

ಲೆಕ್ಕದ_ಪುಸ್ತಕ

ಬಯಲುಸೀಮೆ ಅವರೇ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೂ ನಾನು ಹಾರ್ಲೆಯ ಪರ ಎರಡು ಮಾತು ಹೇಳಬೇಕು. ಆ ವರ್ಷದ ಲೆಕ್ಕ ನೋಡದೆ ಈ ವಿಷಯ ಮಾತಾಡಿದರೆ ಅನ್ಯಾಯವಾಗುತ್ತದೆ.

2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದವು. ಹಾರ್ಲೆ ಕೊಳ್ಳುವವರಲ್ಲಿ ತುಂಬಾ ಜನ ಸಾಲ ಮಾಡಿ ಕೊಳ್ಳುವವರು. ಆ ಸಾಲ ಕೊಡುತ್ತಿದ್ದುದು ಹಾರ್ಲೆಯದೇ ಹಣಕಾಸು ಕಂಪನಿ. ಅದಕ್ಕೇ ದುಡ್ಡು ಹುಟ್ಟದಂತಾಯಿತು. 2009ರ ಫೆಬ್ರವರಿಯಲ್ಲಿ ಹಾರ್ಲೆ 60 ಕೋಟಿ ಡಾಲರ್ ಸಾಲ ಎತ್ತಿತು. ಅದರಲ್ಲಿ ಅರ್ಧ ಕೊಟ್ಟದ್ದು ವಾರೆನ್ ಬಫೆಟ್ ಅವರ ಬರ್ಕ್‌ಶೈರ್ ಹ್ಯಾಥವೇ. ಬಡ್ಡಿ ಎಷ್ಟು ಗೊತ್ತಾ? 15%! ನೂರು ವರ್ಷ ದಾಟಿದ ಕಂಪನಿ ಅಷ್ಟು ಬಡ್ಡಿಗೆ ಕೈ ಚಾಚಿತು ಅಂದರೆ ಪರಿಸ್ಥಿತಿ ಹೇಗಿತ್ತು ನೋಡಿ.

ಮೇ ತಿಂಗಳಲ್ಲಿ ಕೀತ್ ವಾಂಡೆಲ್ ಹೊಸ ಸಿಇಒ ಆಗಿ ಬಂದರು. ಜಾನ್ಸನ್ ಕಂಟ್ರೋಲ್ಸ್‌ನಿಂದ ಬಂದವರು, ಬೈಕ್ ಲೋಕದವರಲ್ಲ. ಆ ವರ್ಷದ ಮೂರನೇ ತ್ರೈಮಾಸಿಕದಲ್ಲಿ ಲಾಭ ಶೇಕಡಾ 84ರಷ್ಟು ಬಿತ್ತು. ಉಳಿದದ್ದು 2.65 ಕೋಟಿ ಡಾಲರ್. ಆ ಲೆಕ್ಕ ಹೊರಬಿದ್ದ ದಿನವೇ ಬ್ಯುಯೆಲ್ ಮುಚ್ಚುವ ಸುದ್ದಿಯೂ ಬಂತು. ಜೊತೆಗೆ ಇಟಲಿಯ ಬೈಕ್ ಕಂಪನಿ ಎಂವಿ ಅಗುಸ್ಟಾವನ್ನೂ ಮಾರುತ್ತೇವೆ ಅಂದರು. ಅದನ್ನು ಕೊಂಡು ಆಗಿನ್ನೂ ವರ್ಷ ಸ್ವಲ್ಪ ದಾಟಿತ್ತು, ಅಷ್ಟೇ.

ಹಾರ್ಲೆ ವರ್ಷಕ್ಕೆ ಮೂರು ಲಕ್ಷ ಗಾಡಿ ತಯಾರಿಸುತ್ತಿತ್ತು. ಬ್ಯುಯೆಲ್ ಹತ್ತು-ಹನ್ನೆರಡು ಸಾವಿರದ ಆಸುಪಾಸು. ಮನೆಗೆ ಬೆಂಕಿ ಬಿದ್ದಾಗ ಯಾವುದನ್ನು ಮೊದಲು ಉಳಿಸಿಕೊಳ್ಳುತ್ತಾರೆ? ಮುಚ್ಚುವುದಕ್ಕೂ ಸುಮಾರು 12.5 ಕೋಟಿ ಡಾಲರ್ ಖರ್ಚಾಗುತ್ತದೆ ಅಂತ ಅವರೇ ಹೇಳಿದ್ದರು. ಅಷ್ಟು ಕಳೆದುಕೊಂಡರೂ ಪರವಾಗಿಲ್ಲ, ಗಮನವೆಲ್ಲ ಹಾರ್ಲೆಯ ಮೇಲಿರಲಿ ಎಂಬ ನಿರ್ಧಾರ ಅದು.

ಬಯಲುಸೀಮೆ_ಬೈಕರ್

ಲೆಕ್ಕ ಒಪ್ಪುತ್ತೇನೆ ಸರ್. ಆದರೆ ಒಂದು ಪ್ರಶ್ನೆ. ಎಂವಿ ಅಗುಸ್ಟಾವನ್ನು ಮಾರಿದರು. 2010ರಲ್ಲಿ ಅದು ಮತ್ತೆ ಹಳೆ ಯಜಮಾನ ಕ್ಲಾಡಿಯೋ ಕ್ಯಾಸ್ಟಿಲಿಯೋನಿ ಕೈಗೇ ಹೋಯಿತು. ಇವತ್ತಿಗೂ ಆ ಹೆಸರಿನ ಬೈಕ್ ಬರುತ್ತಿದೆ. ಬ್ಯುಯೆಲ್ ಅನ್ನು ಮಾತ್ರ ಯಾಕೆ ಮಾರಲಿಲ್ಲ? ಯಾಕೆ ಮುಚ್ಚಿದರು?

ಲೆಕ್ಕದ_ಪುಸ್ತಕ

ನನ್ನ ಊಹೆ ಹೇಳುತ್ತೇನೆ. ಎಂವಿ ಅಗುಸ್ಟಾಗೆ ಇಟಲಿಯಲ್ಲಿ ಅದರದೇ ಕಾರ್ಖಾನೆ, ಅದರದೇ ಎಂಜಿನ್, ಅದರದೇ ಡೀಲರುಗಳು. ಕೊಂಡವನಿಗೆ ಒಂದು ಪೂರ್ತಿ ಕಂಪನಿ ಸಿಗುತ್ತದೆ. ಬ್ಯುಯೆಲ್ ಹಾಗಲ್ಲ. ಫೈರ್‌ಬೋಲ್ಟ್ ಇರುವ ಎಕ್ಸ್‌ಬಿ ಸಾಲಿನ ಬೈಕುಗಳ ಎಂಜಿನ್ ಹಾರ್ಲೆಯದು. ಮಾರುವ ಶೋರೂಮ್ ಹಾರ್ಲೆಯದು. ಬಿಡಿಭಾಗ ಕಳಿಸುವ ವ್ಯವಸ್ಥೆಯೂ ಹಾರ್ಲೆಯದು. ಇವೆಲ್ಲ ತೆಗೆದರೆ ಕೊಂಡವನ ಕೈಗೆ ಉಳಿಯುವುದು ಹೆಸರು, ಡಿಸೈನ್ ಮತ್ತು ಈಸ್ಟ್ ಟ್ರಾಯ್‌ನ ಜನ.

ಬಯಲುಸೀಮೆ_ಬೈಕರ್

ನಾನು ಹೇಳಿದ್ದೂ ಅದನ್ನೇ ಅಲ್ವಾ! ಹದಿನಾರು ವರ್ಷ ಹಾರ್ಲೆಯ ಜೊತೆಗಿದ್ದೂ ಅದಕ್ಕೆ ಸ್ವಂತದ್ದು ಅಂತ ಏನೂ ಆಗಲಿಲ್ಲ. ಅದು ಬ್ಯುಯೆಲ್‌ನ ತಪ್ಪಾ, ಸಾಕಿದವರ ತಪ್ಪಾ?

ಸ್ಪ್ಯಾನರ್_ಸೈಜ್_14

ತಡವಾಗಿ ಬಂದೆ, ಕ್ಷಮಿಸಿ. ದುಡ್ಡಿನ ಮಾತು ನಡೆದಿದೆ. ನಾನು ಕಬ್ಬಿಣದ ಮಾತು ಹೇಳುತ್ತೇನೆ. ಯಾಕೆಂದರೆ ಬ್ಯುಯೆಲ್ ಯಾಕೆ ದೊಡ್ಡದು ಅಂತ ಗೊತ್ತಾಗದೆ, ಹೋದದ್ದು ಎಷ್ಟು ನಷ್ಟ ಅಂತ ಗೊತ್ತಾಗುವುದಿಲ್ಲ.

2002ರಲ್ಲಿ ಬಂದ ಎಕ್ಸ್‌ಬಿ9ಆರ್ ತಗೊಳ್ಳಿ. 984 ಸಿಸಿ, ಗಾಳಿಯಿಂದ ತಣಿಯುವ ವಿ-ಟ್ವಿನ್, ಅಂದರೆ ವಿ ಆಕಾರದಲ್ಲಿ ಕೂತ ಎರಡು ಸಿಲಿಂಡರ್. ಆ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ? ನೀವು ಟ್ಯಾಂಕ್ ಅಂದುಕೊಳ್ಳುವ ಜಾಗದಲ್ಲಿ ಇಲ್ಲ. ಅಲ್ಲಿರುವುದು ಏರ್ ಫಿಲ್ಟರ್. ಪೆಟ್ರೋಲ್ ಇರುವುದು ಫ್ರೇಮಿನ ಒಳಗೆ! ಎರಡೂ ಕಡೆಯ ದಪ್ಪ ಅಲ್ಯೂಮಿನಿಯಂ ತೊಲೆಗಳೇ ಟ್ಯಾಂಕ್. ಎಂಜಿನ್ ಆಯಿಲ್ ಎಲ್ಲಿ? ಹಿಂದಿನ ಚಕ್ರ ಹಿಡಿದಿರುವ ತೋಳು, ಸ್ವಿಂಗ್‌ಆರ್ಮ್, ಅದರ ಒಳಗೆ. ಸೈಲೆನ್ಸರ್ ಎಲ್ಲಿ? ಎಂಜಿನ್ನಿನ ಹೊಟ್ಟೆಯ ಕೆಳಗೆ. ತೂಕ ಇರುವುದನ್ನೆಲ್ಲ ಗಾಡಿಯ ನಡುವಿಗೆ, ಕೆಳಕ್ಕೆ ತಂದರು. ತಿರುವಿನಲ್ಲಿ ಗಾಡಿ ಮಲಗಿಸುವಾಗ, ಎಬ್ಬಿಸುವಾಗ ಅದರ ಸುಖ ಗೊತ್ತಾಗುತ್ತದೆ.

ಮುಂದಿನ ಬ್ರೇಕ್ ಇನ್ನೂ ಸೊಗಸು. ಮಾಮೂಲಿ ಬೈಕಿನಲ್ಲಿ ಡಿಸ್ಕ್ ಚಕ್ರದ ನಡುವೆ, ಹಬ್‌ಗೆ ಕೂತಿರುತ್ತದೆ. ಬ್ರೇಕ್ ಹಿಡಿದಾಗ ಆ ಬಲ ಹಬ್ಬಿನಿಂದ ಅಲಾಯ್ ಕಡ್ಡಿಗಳ ಮೂಲಕ ಟೈರಿಗೆ ಹೋಗಬೇಕು. ಕಡ್ಡಿಗಳು ಗಟ್ಟಿಯಾಗಿರಬೇಕು, ಅಂದರೆ ಭಾರ. ಎರಿಕ್ ಬ್ಯುಯೆಲ್ ಡಿಸ್ಕನ್ನು ತಂದು ರಿಮ್ಮಿಗೇ ಕಟ್ಟಿದರು. 375 ಮಿ.ಮೀ. ಅಗಲದ ದೊಡ್ಡ ಡಿಸ್ಕ್. ಬಲ ನೇರವಾಗಿ ರಿಮ್ಮಿಗೆ ಹೋಗುತ್ತದೆ, ಕಡ್ಡಿಗೆ ಕೆಲಸವೇ ಇಲ್ಲ. ಹಾಗಾಗಿ ಚಕ್ರ ಹಗುರ. ಎರಡು ಡಿಸ್ಕ್, ಅವನ್ನು ಒತ್ತಿ ಹಿಡಿಯುವ ಎರಡು ಕ್ಯಾಲಿಪರ್ ಬದಲು ಒಂದೊಂದೇ ಸಾಕು. ಸ್ಪ್ರಿಂಗಿನ ಕೆಳಗಿನ ತೂಕ ಕಡಿಮೆಯಾದಷ್ಟೂ ಚಕ್ರ ರಸ್ತೆಯ ಏರುಪೇರಿಗೆ ಬೇಗ ಹೊಂದಿಕೊಳ್ಳುತ್ತದೆ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಚಕ್ರದಲ್ಲಿ ಒಂದು ಕೆಜಿ ಇಳಿಸಲು ಎಂಜಿನಿಯರುಗಳು ಎಷ್ಟು ಒದ್ದಾಡುತ್ತಾರೆ ಅಂತ ಗೊತ್ತಿದ್ದವರಿಗೆ ಇದು ದೊಡ್ಡದು.

ಎರಡು ಚಕ್ರಗಳ ನಡುವಿನ ಅಂತರ 1,320 ಮಿ.ಮೀ. ಆ ಕಾಲದ ಜಪಾನಿನ 600 ಸಿಸಿ ಬೈಕುಗಳಿಗಿಂತಲೂ ಚಿಕ್ಕದು. ಅದೂ ಹಾರ್ಲೆಯ ಅಷ್ಟು ಉದ್ದದ ಎಂಜಿನ್ ಇಟ್ಟುಕೊಂಡು! ಫೋರ್ಕಿನ ಓರೆ 21 ಡಿಗ್ರಿ. ಇಂಥ ಲೆಕ್ಕ ಆಗ ಯಾರೂ ಬೀದಿ ಬೈಕಿಗೆ ಹಾಕುತ್ತಿರಲಿಲ್ಲ.

ಇನ್ನು ಎಂಜಿನ್. ಇಲ್ಲಿ ಬಯಲುಸೀಮೆ ಅವರ ಮಾತು ನೂರಕ್ಕೆ ನೂರು ನಿಜ. ಮೂಲ ಹಾರ್ಲೆಯ ಸ್ಪೋರ್ಟ್‌ಸ್ಟರ್ ಬೈಕಿನ ಎಂಜಿನ್. 45 ಡಿಗ್ರಿ ವಿ, ವಾಲ್ವ್ ತಳ್ಳಲು ಉದ್ದನೆಯ ಪುಶ್‌ರಾಡ್, ಸಿಲಿಂಡರಿಗೆ ಎರಡೇ ವಾಲ್ವ್. ತುಂಬಾ ವೇಗವಾಗಿ ತಿರುಗಲು ಹುಟ್ಟಿದ್ದಲ್ಲ. ಈಸ್ಟ್ ಟ್ರಾಯ್‌ನವರು ಅದನ್ನು ತಿದ್ದಿ ತೀಡಿ 92 ಎಚ್‌ಪಿ ತೆಗೆದರು. 1,203 ಸಿಸಿ ಮಾಡಿದ ಮೇಲೆ ನೂರು ದಾಟಿಸಿದರು. ಆದರೆ ಏಳು ಸಾವಿರ ಆರ್‌ಪಿಎಂ ಆಸುಪಾಸಿಗೆ ಅದರ ಉಸಿರು ಮುಗಿಯುತ್ತಿತ್ತು. ಅದೇ ಹೊತ್ತಿಗೆ ಜಪಾನಿನವರು ಅದರ ಎರಡರಷ್ಟು ವೇಗದಲ್ಲಿ ತಿರುಗುವ ನಾಲ್ಕು ಸಿಲಿಂಡರ್ ಕೊಡುತ್ತಿದ್ದರು, ಕಡಿಮೆ ದುಡ್ಡಿಗೆ. ಪುಸ್ತಕದಲ್ಲಿ ಅಂಕಿ ಓದಿ ಗಾಡಿ ಕೊಳ್ಳುವ ಹುಡುಗ ಬ್ಯುಯೆಲ್ ಕಡೆ ಯಾಕೆ ತಿರುಗುತ್ತಾನೆ?

ಕರಾವಳಿ_ಕ್ಲಚ್

ಎಂಥ ಚಂದ ವಿವರಿಸಿದ್ರಿ ಮಾರಾಯ್ರೆ. ರಿಮ್ಮಿನ ಬ್ರೇಕ್ ಯಾಕೆ ಅಂತ ನನಗೆ ಇವತ್ತೇ ಗೊತ್ತಾದದ್ದು.

ಒಂದು ಸಂಶಯ. ಬೇರೆ ಕಂಪನಿಗಳು ಯಾಕೆ ಅದನ್ನು ಹಿಡಿಯಲಿಲ್ಲ? ಅಷ್ಟು ಒಳ್ಳೆಯದಿದ್ದರೆ ಎಲ್ಲರೂ ಮಾಡಬೇಕಿತ್ತಲ್ಲ?

ಸ್ಪ್ಯಾನರ್_ಸೈಜ್_14

ಒಳ್ಳೆ ಪ್ರಶ್ನೆ. ದೊಡ್ಡ ಡಿಸ್ಕ್ ಹೊರಗಡೆ ತಿರುಗುವುದರಿಂದ ಚಕ್ರದ ಅಂಚಿನಲ್ಲಿ ತೂಕ ಬರುತ್ತದೆ. ರೇಸಿನಲ್ಲಿ ಗಂಟೆಗಟ್ಟಲೆ ಬ್ರೇಕ್ ತಿಕ್ಕಿದಾಗ ಒಂದೇ ಡಿಸ್ಕ್ ಬಿಸಿ ತಡೆಯಬೇಕು. ಟೈರ್ ಬದಲಿಸುವಾಗಲೂ ಮೆಕ್ಯಾನಿಕ್ ಹುಷಾರಾಗಿರಬೇಕು. ಹಾಗಾಗಿ ಎಲ್ಲರಿಗೂ ಹೊಂದುವ ಉಪಾಯ ಅಲ್ಲ. ಆದರೆ ಸೈಲೆನ್ಸರನ್ನು ಎಂಜಿನ್ ಕೆಳಗೆ ಇಡುವುದನ್ನು, ತೂಕವನ್ನು ನಡುವಿಗೆ ಒಟ್ಟುಮಾಡುವುದನ್ನು ಆಮೇಲೆ ಎಷ್ಟೋ ಕಂಪನಿಗಳು ಮಾಡಿದವು. ಇವತ್ತು ಅದು ಮಾಮೂಲಾಗಿದೆ.

ಧಾರವಾಡ_ಥ್ರಾಟಲ್

ಎಂಜಿನ್ ಹಳೇದಾತು ಅನ್ನೋರು ಬ್ಯುಯೆಲ್‌ನ 1125ಆರ್ ಮರೀಬಾರದು. 2007ರಾಗ ತೋರಿಸಿದರು. ಆಸ್ಟ್ರಿಯಾದ ರೋಟಾಕ್ಸ್ ಮಾಡಿಕೊಟ್ಟ ಎಂಜಿನ್. 1,125 ಸಿಸಿ, 72 ಡಿಗ್ರಿ ವಿ-ಟ್ವಿನ್, ನೀರಿನಿಂದ ತಣಿಯೋದು, 146 ಎಚ್‌ಪಿ. ಕಡೆಗೂ ಬ್ಯುಯೆಲ್‌ಗೆ ತಕ್ಕ ಹೃದಯ ಸಿಕ್ಕಿತ್ತು.

2009ರಾಗ ಡ್ಯಾನಿ ಎಸ್ಲಿಕ್ ಅದೇ ಗಾಡಿ ಮ್ಯಾಲೆ ಎಎಂಎ (ಅಮೆರಿಕದ ಮೋಟರ್‌ಸೈಕಲ್ ಸಂಘ) ಡೇಟೋನಾ ಸ್ಪೋರ್ಟ್‌ಬೈಕ್ ಚಾಂಪಿಯನ್ ಆದರು. 600 ಸಿಸಿ ಗಾಡಿಗಳ ಜೊತಿಗೆ 1,125 ಸಿಸಿ ಬಿಡೋದು ಸರಿಯಲ್ಲ ಅಂತ ಆವಾಗ ಗಲಾಟಿನೂ ಆಗಿತ್ತು, ಅದನ್ನೂ ಹೇಳಬೇಕು. ಆದರೂ ಗೆಲುವು ಗೆಲುವೇ. ಅಮೆರಿಕದ ಬೈಕ್, ಅಮೆರಿಕದ ರೇಸ್, ಅಮೆರಿಕದ ಹುಡುಗ.

ಅದೇ ವರ್ಷದ ಅಕ್ಟೋಬರ್‌ದಾಗ ಬಾಗಿಲು ಹಾಕಿದರು. ಚಾಂಪಿಯನ್‌ಶಿಪ್ ಗೆದ್ದ ಕಂಪನಿ ಅದೇ ಹಂಗಾಮಿನಾಗ ಬಂದ್ ಆತು. ಇದು ನನಗ ಇನ್ನೂ ನುಂಗಾಕ ಆಗೂದಿಲ್ಲ.

ಲೆಕ್ಕದ_ಪುಸ್ತಕ

ಧಾರವಾಡದವರೇ, ರೇಸ್ ಗೆದ್ದರೆ ಸೋಮವಾರ ಗಾಡಿ ಮಾರಾಟವಾಗುತ್ತದೆ ಎಂಬ ಕಾಲ ಅದಾಗಿರಲಿಲ್ಲ. 2009ರಲ್ಲಿ ಅಮೆರಿಕದಲ್ಲಿ ಸ್ಪೋರ್ಟ್‌ಬೈಕ್ ಮಾರಾಟ ಎಲ್ಲ ಕಂಪನಿಗಳಿಗೂ ನೆಲಕಚ್ಚಿತ್ತು. ಜೊತೆಗೆ 1125ಆರ್ ಮೊದಲ ಗಾಡಿಗಳಲ್ಲಿ ಫ್ಯೂಯೆಲ್ ಇಂಜೆಕ್ಷನ್ ಸರಿಯಾಗಿ ಕೂತಿಲ್ಲ ಎಂದು ಪತ್ರಿಕೆಗಳೇ ಬರೆದವು. ಕರೆಂಟು ಹುಟ್ಟಿಸುವ ಭಾಗ, ಸ್ಟೇಟರ್, ಸುಡುವ ದೂರೂ ಇತ್ತು. ಹೊಸ ಎಂಜಿನ್ ಅಂದರೆ ಅದನ್ನು ಹದಕ್ಕೆ ತರಲು ಎರಡು-ಮೂರು ವರ್ಷ ಬೇಕು.

ಬಯಲುಸೀಮೆ_ಬೈಕರ್

ಆ ಎರಡು-ಮೂರು ವರ್ಷವನ್ನೇ ಕೊಡಲಿಲ್ಲ ಅನ್ನುವುದು ನನ್ನ ನೋವು ಸರ್.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಅದನ್ನು ಯಾರೂ ಎತ್ತಲಿಲ್ಲ, ನನಗೆ ಅದೇ ಮುಖ್ಯ. ಹಾರ್ಲೆ ಶೋರೂಮ್ ಒಳಗೆ ಹೋಗಿ ನೋಡಿ. ಕ್ರೋಮ್ ಹೊಳಪು, ಚರ್ಮದ ಜಾಕೆಟ್, ಟೀ ಶರ್ಟ್, ಹಾರ್ಲೆ ಹೆಸರಿನ ಕಾಫಿ ಕಪ್ಪು. ಬರುವ ಗಿರಾಕಿಗಳು ಬಹುತೇಕ ನಲವತ್ತು ದಾಟಿದವರು. ಅವರಿಗೆ ಬೇಕಾದದ್ದು ಒಂದು ಬದುಕಿನ ರೀತಿ. ಅದರ ನಡುವೆ ಬ್ಯುಯೆಲ್ ಇಟ್ಟರೆ ಅದು ರೇಷ್ಮೆ ಸೀರೆ ಅಂಗಡಿಯ ಮೂಲೆಯಲ್ಲಿ ಇಟ್ಟ ಕ್ರಿಕೆಟ್ ಬ್ಯಾಟಿನ ಹಾಗೆ. ಬ್ಯಾಟ್ ಬೇಕಾದ ಹುಡುಗ ಆ ಅಂಗಡಿಗೆ ಬರುವುದೇ ಇಲ್ಲ. ಸೀರೆ ಮಾರುವವರಿಗೆ ಬ್ಯಾಟಿನ ಗುಣ ಹೇಳಲು ಗೊತ್ತಿಲ್ಲ.

ಇಲ್ಲಿ ಬ್ಯುಯೆಲ್ ಇಟ್ಟುಕೊಂಡ ಹಳಬರು ಸಿಕ್ಕಾಗಲೆಲ್ಲ ಇದೇ ಮಾತು ಬರುತ್ತದೆ. ಸೇಲ್ಸ್‌ನವರು ಆ ಗಾಡಿ ತೋರಿಸಲು ಮನಸ್ಸೇ ಮಾಡುತ್ತಿರಲಿಲ್ಲವಂತೆ. ಒಂದು ದೊಡ್ಡ ಟೂರಿಂಗ್ ಹಾರ್ಲೆ ಮಾರಿದರೆ ಬರುವ ಲಾಭ ಎಲ್ಲಿ, ಬ್ಯುಯೆಲ್ ಎಲ್ಲಿ? ಡೀಲರ್ ಕಡೆಯಿಂದ ನೋಡಿದರೆ ಅದೂ ತಪ್ಪಲ್ಲ. ತಪ್ಪು ಮೇಲಿನವರದು. ಸ್ಪೋರ್ಟ್‌ಬೈಕ್ ಕೊಳ್ಳುವವರು ಎಲ್ಲಿ ಓಡಾಡುತ್ತಾರೋ ಅಲ್ಲಿ ಬ್ಯುಯೆಲ್‌ಗೆ ಬೇರೆ ಅಂಗಡಿ ಹಾಕಬೇಕಿತ್ತು. ಹದಿನಾರು ವರ್ಷದಲ್ಲಿ ಹಾಕಲಿಲ್ಲ. ಅದಕ್ಕೇ ಹೇಳುವುದು, 2009ರ ಬಿಕ್ಕಟ್ಟು ಕೊನೆಯ ಏಟು ಮಾತ್ರ. ಕಾಯಿಲೆ ಮೊದಲಿನಿಂದಲೂ ಇತ್ತು.

ಇನ್ನೊಂದು. 2005ರಲ್ಲಿ ಬ್ಯುಯೆಲ್ ಯುಲಿಸಿಸ್ ತಂದಿತು. ಎತ್ತರದ ಸಸ್ಪೆನ್ಷನ್, ಮಣ್ಣಿನ ದಾರಿಗೂ ಸೈ. ಅಮೆರಿಕದ ಕಂಪನಿಯೊಂದು ಅಡ್ವೆಂಚರ್ ಬೈಕ್ ತಂದದ್ದು ಆಗ ಹೊಸ ಮಾತು. ಹಾರ್ಲೆ ತನ್ನದೇ ಹೆಸರಿನಲ್ಲಿ ಅಂಥ ಗಾಡಿ, ಪ್ಯಾನ್ ಅಮೆರಿಕ, ತಂದದ್ದು 2021ರಲ್ಲಿ. ಹದಿನಾರು ವರ್ಷ ತಡವಾಗಿ! ಬ್ಯುಯೆಲ್ ಉಳಿದಿದ್ದರೆ ಆ ಅನುಭವವೆಲ್ಲ ಮನೆಯಲ್ಲೇ ಇರುತ್ತಿತ್ತು.

ಯೆಜ್ಡಿ_ಮೈಸೂರು

ಈ ಚರ್ಚೆ ಓದುತ್ತಾ ಹೊಟ್ಟೆಯೊಳಗೆ ಏನೋ ಆಯಿತು. ನಾವು ಮೈಸೂರಿನವರು ಇದನ್ನು ನೋಡಿದವರು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರು ಮಾಡಿತು. ಮೊದಲು ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ. 1996ರಲ್ಲಿ ಮುಚ್ಚಿತು. ನಮ್ಮ ಬೀದಿಯಲ್ಲೇ ಅಲ್ಲಿ ಕೆಲಸ ಮಾಡಿದವರಿದ್ದರು. ಅಲ್ಲಿನ ಕಾರಣ ಬೇರೆ, ಈಸ್ಟ್ ಟ್ರಾಯ್ ಕಾರಣ ಬೇರೆ, ಎರಡನ್ನೂ ಕಲಸುವುದಿಲ್ಲ. ಈಸ್ಟ್ ಟ್ರಾಯ್‌ನಲ್ಲಿ ಎರಡೇ ವಾರದಲ್ಲಿ ಬಾಗಿಲು ಹಾಕಿದರು, ಮೈಸೂರಿನಲ್ಲಿ ವರ್ಷಗಟ್ಟಲೆ ಎಳೆದಾಡಿತು.

ಬಯಲುಸೀಮೆ ಅವರ ಎರಡನೇ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ. ಮುಚ್ಚಿದ ಕಂಪನಿಯ ಗಾಡಿ ಇಟ್ಟುಕೊಳ್ಳಬಹುದಾ ಅಂತ ತಾನೇ? ನಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್ ಇವತ್ತಿಗೂ ಓಡುತ್ತಿದೆ. ಕಾರಣ ಕಂಪನಿ ಅಲ್ಲ. ಕಾರಣ ಅದನ್ನು ಬಲ್ಲ ಮೆಕ್ಯಾನಿಕ್‌ಗಳು, ಪಿಸ್ಟನ್ ಕಿಟ್, ಕ್ಲಚ್ ಪ್ಲೇಟ್ ತಯಾರಿಸಿ ಮಾರುವ ಸಣ್ಣ ಸಣ್ಣ ವರ್ಕ್‌ಶಾಪಿನವರು, ಗಾಡಿ ಇಟ್ಟುಕೊಂಡವರ ಒಗ್ಗಟ್ಟು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಕ್ಕೆ ಬೆಂಗಳೂರು, ಮೈಸೂರಲ್ಲಿ ಸೇರುವ ಗಾಡಿಗಳನ್ನು ನೋಡಿ. ಅಲ್ಲಿನ ಹಳೆ ಗಾಡಿಗಳೆಲ್ಲ ಮುಚ್ಚಿದ ಕಂಪನಿಯವೇ.

ಬ್ಯುಯೆಲ್‌ಗೆ ಅಂಥ ಜನ ಇದ್ದಾರಾ ನೋಡಿ. ಇದ್ದರೆ ಧೈರ್ಯವಾಗಿ ತಗೊಳ್ಳಿ. ಇಲ್ಲದಿದ್ದರೆ ಬೇಡ.

ಟಾರ್ಕ್_ತಮ್ಮ

ಯೆಜ್ಡಿ ಸರ್, ಚೆನ್ನಾಗಿ ಹೇಳಿದ್ರಿ.

ನಮ್ಮ ಕಡೆಯ ಇನ್ನೊಂದು ಕೊಂಡಿ ಯಾರೂ ಹೇಳಲಿಲ್ಲ. ಹೀರೋ! ಬ್ಯುಯೆಲ್ ಮುಚ್ಚಿದ ಮೇಲೆ ಎರಿಕ್ ಬ್ಯುಯೆಲ್ ಸುಮ್ನೆ ಕೂರಲಿಲ್ಲ. ಮುಂದಿನ ತಿಂಗಳೇ ಎರಿಕ್ ಬ್ಯುಯೆಲ್ ರೇಸಿಂಗ್ ಅಂತ ಹೊಸ ಕಂಪನಿ ಶುರು ಮಾಡಿದರು, ಅದೇ ಈಸ್ಟ್ ಟ್ರಾಯ್‌ನಲ್ಲಿ. ಇಬಿಆರ್ ಅಂತಾರೆ. 1190ಆರ್‌ಎಸ್, ಆಮೇಲೆ 1190ಆರ್‌ಎಕ್ಸ್ ಬಂತು. ಆಗ ನಮ್ಮ ಹೀರೋ ಮೋಟೋಕಾರ್ಪ್ ಹೋಂಡಾದಿಂದ ಬೇರೆಯಾಗಿತ್ತು. ಸ್ವಂತ ತಂತ್ರಜ್ಞಾನ ಬೇಕಿತ್ತು. 2013ರಲ್ಲಿ ಇಬಿಆರ್‌ನ 49.2% ಪಾಲನ್ನು 2.5 ಕೋಟಿ ಡಾಲರ್‌ಗೆ ತಗೊಂಡಿತು. 2014ರ ಆಟೋ ಎಕ್ಸ್‌ಪೋದಲ್ಲಿ ಎಚ್‌ಎಕ್ಸ್250ಆರ್ ಅನ್ನೋ 250 ಸಿಸಿ ಬೈಕ್ ತೋರಿಸಿದರು. ಹ್ಯಾಸ್ಟರ್ ಅಂತ 620 ಸಿಸಿ ಕಾನ್ಸೆಪ್ಟ್ ಬೇರೆ. ಆ ಫೋಟೋ ನೋಡಿ ನಾನು ಕಾಲೇಜಿನಲ್ಲಿ ದುಡ್ಡು ಕೂಡಿಡಲು ಶುರು ಮಾಡಿದ್ದೆ!

2015ರ ಏಪ್ರಿಲ್‌ನಲ್ಲಿ ಇಬಿಆರ್ ದಿವಾಳಿ. 250ಆರ್ ಬರಲೇ ಇಲ್ಲ.

ಲೆಕ್ಕದ_ಪುಸ್ತಕ

ಇದು ಮುಖ್ಯ ವಿಷಯ ತಮ್ಮ. ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಬಯಲುಸೀಮೆ ಅವರ ವಾದಕ್ಕೆ ಇದು ಅಡ್ಡ ಬರುತ್ತದೆ ನೋಡಿ. ಇಬಿಆರ್‌ಗೆ ಹಾರ್ಲೆಯ ಅಂಗಡಿಯ ತೊಂದರೆ ಇರಲಿಲ್ಲ, ಹಾರ್ಲೆಯ ಎಂಜಿನ್ ತೊಂದರೆಯೂ ಇರಲಿಲ್ಲ. ಆದರೂ ಆರು ವರ್ಷ ತುಂಬುವ ಮೊದಲೇ ಮುಳುಗಿತು. ಹಾಗಾದರೆ ಹಾರ್ಲೆಯೊಂದನ್ನೇ ದೂರುವುದು ಹೇಗೆ?

ಸ್ಪ್ಯಾನರ್_ಸೈಜ್_14

ನಾನು ಇದಕ್ಕೆ ಉತ್ತರಿಸಲೇ? ಇಬಿಆರ್‌ಗೆ ಎಂಜಿನ್ ಇತ್ತು, ಬಂಡವಾಳ ಇರಲಿಲ್ಲ. ಹಾರ್ಲೆಯಲ್ಲಿದ್ದಾಗ ಬಂಡವಾಳ ಇತ್ತು, ಎಂಜಿನ್ ಇರಲಿಲ್ಲ. ಎರಡೂ ಒಟ್ಟಿಗೆ ಇದ್ದದ್ದು 2007ರ ಮಧ್ಯದಿಂದ 2009ರ ಅಕ್ಟೋಬರ್ ತನಕ ಮಾತ್ರ. ಅಷ್ಟರಲ್ಲಿ ಒಂದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಬಂತು. ಎರಡೂ ಕೂಡಿದ್ದಾಗ ಏನು ಸಾಧ್ಯ ಅಂತ ಅದೊಂದೇ ತೋರಿಸುತ್ತದೆ ಅಲ್ವಾ?

ಲೆಕ್ಕದ_ಪುಸ್ತಕ

ಹೌದು, ಈ ಮಾತಿಗೆ ತೂಕ ಇದೆ. ರೇಸಿನ ಮಟ್ಟಿಗೆ ಒಪ್ಪಿದೆ. ಆದರೆ ಗೆಲ್ಲುವುದು ಬೇರೆ, ಲಾಭ ಮಾಡುವುದು ಬೇರೆ. ಆ ವರ್ಷ ನಾನು ವಾಂಡೆಲ್ ಕುರ್ಚಿಯಲ್ಲಿದ್ದರೂ ಮುಚ್ಚುತ್ತಿದ್ದೆ. ಮನಸ್ಸಿಲ್ಲದೆ ಮುಚ್ಚುತ್ತಿದ್ದೆ, ಅಷ್ಟೇ.

ಬಯಲುಸೀಮೆ_ಬೈಕರ್

ನಾನಾಗಿದ್ದರೆ ಎರಿಕ್ ಬ್ಯುಯೆಲ್ ಅವರಿಗೇ ಹೆಸರನ್ನಾದರೂ ವಾಪಸ್ ಕೊಡುತ್ತಿದ್ದೆ. ಎಂವಿ ಅಗುಸ್ಟಾವನ್ನು ಹಳೆ ಯಜಮಾನರಿಗೆ ಕೊಡಲು ಆಯಿತು. ತನ್ನದೇ ಎಂಜಿನಿಯರಿಗೆ ಅವನ ಸ್ವಂತ ಹೆಸರು ಕೊಡಲು ಆಗಲಿಲ್ಲವಾ? ತನ್ನ ಹೆಸರಿನ ಜೊತೆ ರೇಸಿಂಗ್ ಅಂತ ಸೇರಿಸಿಕೊಂಡು ಅವರು ಹೊಸದಾಗಿ ಶುರು ಮಾಡಬೇಕಾಯಿತು. ಇದರಲ್ಲಿ ನಮ್ಮಿಬ್ಬರಿಗೂ ಹೊಂದಾಣಿಕೆ ಆಗುವುದಿಲ್ಲ ಸರ್. ಇರಲಿ.

ಕರಾವಳಿ_ಕ್ಲಚ್

ಆ ಹೆಸರು ಈಗ ವಾಪಸ್ ಬಂದಿದೆ ಅಲ್ವಾ? ಮಿಶಿಗನ್‌ನಲ್ಲಿ ಬ್ಯುಯೆಲ್ ಮೋಟರ್‌ಸೈಕಲ್ಸ್ ಅಂತ ಇದೆ. ಹ್ಯಾಮರ್‌ಹೆಡ್ 1190 ಅಂತ ಗಾಡಿ ಮಾಡುತ್ತಾರೆ. ಅದು ಎರಿಕ್ ಬ್ಯುಯೆಲ್ ಅವರದ್ದೇ ಏನು?

ಧಾರವಾಡ_ಥ್ರಾಟಲ್

ಅವರದಲ್ಲ. ಇಬಿಆರ್ ಮುಳುಗಿದ ಮ್ಯಾಲೆ ಅದರ ಆಸ್ತಿ, ಯಂತ್ರ ಎಲ್ಲಾ 2016ರಾಗ ಲಿಕ್ವಿಡ್ ಅಸೆಟ್ ಪಾರ್ಟ್ನರ್ಸ್ ಅನ್ನೋ ಕಂಪನಿ ಕೊಂಡಿತು. ಮುಳುಗಿದ ಕಂಪನಿಗಳ ಸಾಮಾನು ಕೊಂಡು ಮಾರೋದು ಅವರ ಕಸುಬು. ಗಾಡಿ ನೋಡಿ ಅವರಿಗೇ ಮನಸ್ಸಾತು ಅನ್ನಿಸ್ತದ. 2021ರಾಗ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಾಗ ಬ್ಯುಯೆಲ್ ಹೆಸರಿಲೇ ಮತ್ತ ಶುರು ಮಾಡಿದರು. ಎರಿಕ್ ಬ್ಯುಯೆಲ್ ಅದರಾಗ ಇಲ್ಲ. ಅವರು ಆ ಹೊತ್ತಿಗೆ ಫ್ಯುಯೆಲ್ ಅಂತ ಎಲೆಕ್ಟ್ರಿಕ್ ಗಾಡಿ ಕಂಪನಿ ಮಾಡಿದ್ದರು. ಅದೂ 2024ರಾಗ ದಿವಾಳಿ ಆತು.

ಟಾರ್ಕ್_ತಮ್ಮ

ಇನ್ನೊಂದು ವಿಚಿತ್ರ ನೋಡಿ. 2020ರಲ್ಲಿ ಹಾರ್ಲೆ ಭಾರತದಲ್ಲಿ ತನ್ನ ಕಾರ್ಖಾನೆ ಮುಚ್ಚಿ ಹೋಯಿತು. ಆಮೇಲೆ ಕೈ ಹಿಡಿದದ್ದು ಯಾರ ಕೈ? ಹೀರೋ! 2023ರಲ್ಲಿ ಬಂದ ಹಾರ್ಲೆ ಎಕ್ಸ್440 ತಯಾರಾಗುವುದು ಹೀರೋ ಕಾರ್ಖಾನೆಯಲ್ಲಿ. ಒಂದು ಕಾಲದಲ್ಲಿ ಎರಿಕ್ ಬ್ಯುಯೆಲ್‌ಗೆ ದುಡ್ಡು ಹಾಕಿದ ಕಂಪನಿಯೇ ಈಗ ಹಾರ್ಲೆಗೆ ಗಾಡಿ ಕಟ್ಟಿ ಕೊಡುತ್ತಿದೆ. 250 ಸಿಸಿಯ ಆಸೆಯನ್ನೂ ಹೀರೋ ಬಿಡಲಿಲ್ಲ. 2025ರಲ್ಲಿ ಎಕ್ಸ್‌ಟ್ರೀಮ್ 250ಆರ್ ಬಂತು. ನನಗೆ ಬೇಕಿದ್ದ ಆ ಫೇರಿಂಗ್ (ಗಾಳಿ ತಡೆಯುವ ಕವಚ) ಇರೋ ಗಾಡಿ ಅಲ್ಲ. ಆದರೂ ಖುಷಿಯಾಯಿತು.

ಹೊಸ_ಸದಸ್ಯ_ತುಮಕೂರು

ನಮಸ್ತೆ. ಮೊದಲ ಸಲ ಬರೆಯುತ್ತಿದ್ದೇನೆ. ಬಯಲುಸೀಮೆ ಅಣ್ಣ, ಅಲ್ಲಿ ತಗೊಂಡು ಊರಿಗೆ ವಾಪಸ್ ಬರುವಾಗ ಗಾಡಿ ತರಬಹುದಾ?

ಲೆಕ್ಕದ_ಪುಸ್ತಕ

ತರಲು ಆಗುವುದಿಲ್ಲ. ಬಳಸಿದ ವಾಹನ ಮೂರು ವರ್ಷಕ್ಕಿಂತ ಹಳೆಯದಾಗಿದ್ದರೆ ಭಾರತಕ್ಕೆ ತರುವಂತಿಲ್ಲ ಎಂಬ ನಿಯಮ ಇದೆ. 2008ರ ಗಾಡಿಗೆ ಆ ದಾರಿ ಮುಚ್ಚಿದೆ. ಅಲ್ಲೇ ಓಡಿಸಿ, ಅಲ್ಲೇ ಮಾರಿ ಬರಬೇಕು. ಬಯಲುಸೀಮೆ ಅವರೇ, ಬೆಲೆ ಮಾತಾಡುವಾಗ ಇದನ್ನೂ ತಲೆಯಲ್ಲಿಡಿ.

ಸ್ಪ್ಯಾನರ್_ಸೈಜ್_14

ತಗೊಳ್ಳುವ ಮೊದಲು ನೋಡಬೇಕಾದದ್ದನ್ನು ಹೇಳಿಬಿಡುತ್ತೇನೆ.

ಮೊದಲು ಫ್ರೇಮ್. ಪೆಟ್ರೋಲ್ ಇರುವುದೇ ಅಲ್ಲಿ. ಗಾಡಿ ಬಿದ್ದು ತೊಲೆಗೆ ಪೆಟ್ಟಾಗಿದ್ದರೆ ನಿಮ್ಮ ಟ್ಯಾಂಕಿಗೇ ಪೆಟ್ಟಾದಂತೆ. ಬೇರೆ ಬೈಕಿನಲ್ಲಿ ಟ್ಯಾಂಕ್ ಬದಲಿಸಬಹುದು, ಇಲ್ಲಿ ಫ್ರೇಮ್ ಬದಲಿಸಬೇಕು. ಎರಡೂ ಬದಿಗೆ ಟಾರ್ಚ್ ಹಿಡಿದು ನಿಧಾನವಾಗಿ ನೋಡಿ. ಬಿದ್ದಾಗ ಫ್ರೇಮ್ ಕಾಯಲು ಬದಿಯಲ್ಲಿ ಹಾಕಿರುವ ಪ್ಲಾಸ್ಟಿಕ್ ಗುಂಡುಗಳು ಸವೆದಿದ್ದರೆ ಗಾಡಿ ಎಲ್ಲೋ ಮಲಗಿದೆ ಅಂತ ಅರ್ಥ.

ಹಿಂದಿನ ಚಕ್ರದ ಬೇರಿಂಗ್ ಈ ಸಾಲಿನ ಗಾಡಿಗಳಲ್ಲಿ ಹೆಸರುವಾಸಿ ತೊಂದರೆ. ಚಕ್ರ ಎತ್ತಿ ಅಲ್ಲಾಡಿಸಿ ನೋಡಿ. ಬದಲಿಸಿದ್ದರೆ ಬಿಲ್ ಕೇಳಿ. ಚೈನ್ ಬದಲು ಬೆಲ್ಟ್ ಇದೆ, ಅದರ ಹಲ್ಲು, ಅಂಚು ನೋಡಿ. ಸೀಳಿದ್ದರೆ ಚೌಕಾಸಿ ಮಾಡಿ. ಗಾಡಿ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಗಾಬರಿಯಾಗಬೇಡಿ. ಹಿಂದಿನ ಸಿಲಿಂಡರ್ ತಣಿಸಲು ಅದು ಹಾಗೆಯೇ ಇರಬೇಕು.

ಬಿಡಿಭಾಗದ ವಿಷಯದಲ್ಲಿ ನೀವು ಪುಣ್ಯವಂತರು. ಎಂಜಿನ್ ಹಾರ್ಲೆ ಕುಟುಂಬದ್ದಾದ್ದರಿಂದ ಅದನ್ನು ಬಿಚ್ಚಬಲ್ಲ ಮೆಕ್ಯಾನಿಕ್ ನೀವಿರುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಬೀದಿಗೊಬ್ಬರು ಸಿಗಬಹುದು. ಇಷ್ಟು ದಿನ ಬೈದ ಎಂಜಿನ್ನೇ ಈಗ ಕಾಪಾಡುತ್ತದೆ. 1125ಆರ್ ಆಗಿದ್ದರೆ ಇಷ್ಟು ಧೈರ್ಯದಿಂದ ತಗೊಳ್ಳಿ ಅನ್ನುತ್ತಿರಲಿಲ್ಲ. ಎಕ್ಸ್‌ಬಿಗೇ ಮಾತ್ರ ಇರುವ ಫ್ರೇಮ್, ಸ್ವಿಂಗ್‌ಆರ್ಮ್, ಮುಂದಿನ ಚಕ್ರ, ಪ್ಲಾಸ್ಟಿಕ್ ಹಳೆ ಗಾಡಿಗಳಿಂದಲೇ ಬರಬೇಕು. ಸಾಧ್ಯವಾದರೆ ಓಡದ ಇನ್ನೊಂದು ಎಕ್ಸ್‌ಬಿಯನ್ನೂ ಬಿಡಿಭಾಗಕ್ಕೆ ಅಂತ ಕೊಂಡು ಗ್ಯಾರೇಜಿನಲ್ಲಿಡಿ.

ಯೆಜ್ಡಿ_ಮೈಸೂರು

ಕೊನೆಯ ಸಲಹೆ ಚಿನ್ನ. ನಾವೂ ಒಂದು ಓಡದ ರೋಡ್‌ಕಿಂಗ್ ಹಾಗೇ ಇಟ್ಟಿದ್ದೇವೆ.

ಬಯಲುಸೀಮೆ_ಬೈಕರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯೆಜ್ಡಿ ಸರ್, ನೀವು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದೆ. ಜನ ಇದ್ದಾರೆ. ಈಸ್ಟ್ ಟ್ರಾಯ್ ಸುತ್ತಮುತ್ತ ಆ ಗಾಡಿ ಕಟ್ಟಿದವರೇ ಕೆಲವರು ಇನ್ನೂ ಇದ್ದಾರೆ ಅಂತ ಮಾರುವವರು ಹೇಳಿದರು. ಗಾಡಿಯ ಎಲ್ಲ ಬಿಲ್ಲುಗಳೂ ಇವೆಯಂತೆ, ಹಿಂದಿನ ಬೇರಿಂಗ್ ಬದಲಿಸಿದ್ದೂ ಸೇರಿ. ಶನಿವಾರ ಟಾರ್ಚ್ ತಗೊಂಡು ಹೋಗುತ್ತೇನೆ. ಫ್ರೇಮಿನ ಎಡಬದಿಯ ಫೋಟೋ ಕಳಿಸಲು ಕೇಳಿದ್ದೇನೆ, ಬಂದ ತಕ್ಷಣ ಇಲ್ಲಿ ಹಾಕುತ್ತೇನೆ. ಸ್ಪ್ಯಾನರ್ ಅವರೇ, ದಯವಿಟ್ಟು ಒಮ್ಮೆ ನೋಡಿ ಹೇಳಿ.

ಸ್ಪ್ಯಾನರ್_ಸೈಜ್_14

ಖಂಡಿತ. ಬಲಬದಿಯದ್ದೂ ಕೇಳಿ. ಸ್ವಿಂಗ್‌ಆರ್ಮ್ ಕೆಳಗಡೆಯದ್ದೂ ಒಂದು ಇರಲಿ. ಆಯಿಲ್ ಅಲ್ಲಿದೆ.